ಹನುಮಣ್ಣನ ಡಿಪ್ಪರಿಗೆ ತಿಪ್ಪಕ್ಕನ ಜವಾಬು

ಕಂಪ್ಲಿಯ ಹನುಮಣ್ಣನಿಗೆ ಈಗ ಐವತ್ನಾಲ್ಕು. ಅದರಲ್ಲಿ ಇಪ್ಪತ್ತೊಂಬತ್ತು ವರ್ಷ ಸ್ಟೇರಿಂಗ್ ಹಿಡಿದೇ ಕಳೆದಿವೆ. ಮಿಕ್ಕ ಇಪ್ಪತ್ತೈದು ವರ್ಷ ಏನು ಮಾಡಿದೆಯಪ್ಪಾ ಎಂದು ಯಾರಾದರೂ ಕೇಳಿದರೆ, "ಲೈಸೆನ್ಸಿಗೆ ಕಾಯ್ತಿದ್ದೆ" ಅನ್ನುತ್ತಾನೆ. ಎತ್ತರ ಸಾಧಾರಣ. ಹೊಟ್ಟೆ ಸ್ಟೇರಿಂಗಿಗೆ ತಾಗುವುದಕ್ಕೆ ಇನ್ನೂ ನಾಲ್ಕು ಬೆರಳು ಬಾಕಿ. ಮೀಸೆಗೆ ಮಾತ್ರ ವಾರಕ್ಕೊಮ್ಮೆ ತಪ್ಪದೆ ಕಪ್ಪು. ಅವನ ಬಾಯಿ ಭಾರಿ ಜೋರು ಎಂದು ಓಣಿಯವರು ಹೇಳುತ್ತಾರೆ. ಬ್ರೇಕಿನ ಮೇಲೆ ಅವನ ಕಾಲು ಭಾಳ ಮೆತ್ತಗೆ ಎಂದು ಅವನ ಬಸ್ಸಿನಲ್ಲಿ ಕೂತವರು ಹೇಳುತ್ತಾರೆ. ಎರಡೂ ನಿಜ.

ಅವನು ಕಲಿತದ್ದು ಸಂಡೂರಿನ ಅದಿರು ಲಾರಿಗಳಲ್ಲಿ. ಗುಡ್ಡದಿಂದ ಇಳಿಯುವ ಲಾರಿಗಳ ಸಾಲಿಗೆ ತಲೆ ಎಲ್ಲಿ ಬಾಲ ಎಲ್ಲಿ ಎಂದು ಗೊತ್ತಾಗದ ಕಾಲ ಅದು. ಮೈ, ಮುಖ, ಲುಂಗಿ ಎಲ್ಲ ಕೆಂಪು. ಮನೆಗೆ ಬಂದರೆ ಹೆಂಡತಿ ವಿರುಪಮ್ಮ ಮೊದಲು ಎರಡು ಕೊಡ ನೀರು ಹೊಯ್ದು, ಆಮೇಲೆ ಗಂಡನೇ ಹೌದು ಎಂದು ಖಾತ್ರಿ ಮಾಡಿಕೊಂಡು ಒಳಗೆ ಬಿಡುತ್ತಿದ್ದಳು. ಆ ಸಾಲಿನಲ್ಲಿ ಅವನು ಕಲಿತ ವಿದ್ಯೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಬೆಳಕಿನ ಮರ್ಯಾದೆ. ಎದುರಿಗೆ ಗಾಡಿ ಕಂಡಕೂಡಲೇ ತನ್ನ ಲೈಟು ಕೆಳಗಿಳಿಸಬೇಕು. ಎದುರಿನವನು ಮರೆತಿದ್ದರೆ ಒಮ್ಮೆ ಮೇಲೆ ಕೆಳಗೆ ಮಾಡಿ ನೆನಪಿಸಬೇಕು. ಡ್ರೈವರುಗಳು ಇದಕ್ಕೆ ಡಿಪ್ಪರ್ ಹೊಡೆಯುವುದು ಅನ್ನುತ್ತಾರೆ. ಒಂದು ಸಲ ಹೊಡೆದರೆ 'ಕಣ್ಣಿಗೆ ಹೊಡಿತೈತಿ ತಮ್ಮಾ' ಎಂದು ಅರ್ಥ. ಎರಡು ಸಲ ಹೊಡೆದರೆ 'ನಿನಗೇ ಹೇಳಾಕತ್ತೀನಿ' ಎಂದು. ಮೂರು ಸಲ ಹೊಡೆದರೆ ಅದರ ಅರ್ಥವನ್ನು ಹೆಂಗಸರ ಮುಂದೆ ಬಿಡಿಸಿ ಹೇಳುವಂತಿಲ್ಲ. ಆಗಿನ ಲಾರಿಗಳಲ್ಲಿ ಹೆಡ್‌ಲೈಟಿನ ಮೇಲಿನ ಅರ್ಧ ಗಾಜಿಗೆ ಕಪ್ಪು ಬಣ್ಣ ಬಳಿದಿರುತ್ತಿತ್ತು, ಬೆಳಕು ನೆಲ ಬಿಟ್ಟು ಮೇಲೇಳಬಾರದು ಎಂದು. "ಇಷ್ಟು ವರ್ಷದಾಗ ಎದುರಿನವನ ಕಣ್ಣು ಮುಚ್ಚಿಸಿದವನಲ್ಲ ನಾನು" ಎನ್ನುವುದು ಹನುಮಣ್ಣ ಮದುವೆ ಮನೆಯಲ್ಲೂ ಹೇಳುವ ಮಾತು. ಕೇಳಿದವರು ಹೂಂ ಎಂದು ಪಂಕ್ತಿಯ ಕಡೆ ನೋಡುತ್ತಾರೆ.

ಲಾರಿಗಳು ಕಡಿಮೆಯಾದ ಮೇಲೆ ಅವನು ಬಸ್ಸಿಗೆ ಬಂದ. ಯಶವಂತನಗರದ ಗಣಿಗೆ ಕೆಲಸಗಾರರನ್ನು ಒಯ್ಯುವ ಗುತ್ತಿಗೆ ಬಸ್ಸು. ಬೆಳಗ್ಗೆ ಐದಕ್ಕೆ ಎಮ್ಮಿಗನೂರಿನಿಂದ ಹೊರಟು, ಕಂಪ್ಲಿ, ಕಮಲಾಪುರ, ಹೊಸಪೇಟೆ ದಾಟಿ, ಏಳೂವರೆಗೆ ಗಣಿ ಗೇಟು ಮುಟ್ಟಬೇಕು. ಮೂವತ್ತೆಂಟು ಜನ. ಏಳೂ ಮೂವತ್ತೊಂದಕ್ಕೆ ಬೆರಳು ಒತ್ತಿದರೂ ಹಾಜರಿ ಮಷಿನ್ನು ಕೆಂಪು ತೋರಿಸುತ್ತದೆ. ಅದಕ್ಕೆ ಹನುಮಣ್ಣನ ಇಪ್ಪತ್ತೊಂಬತ್ತು ವರ್ಷದ ಗುರುತಿಲ್ಲ.

ಕಮಲಾಪುರದ ಈಚೆಗೆ, ಬಾಳೆತೋಟಗಳ ನಡುವೆ ರಸ್ತೆ ಕಿರಿದಾಗುವ ಕಡೆ, ದಿನವೂ ಹನ್ನೊಂದು ಸೈಕಲ್ಲುಗಳು ಎದುರಾಗುತ್ತವೆ. ಬಾಳೆಗೊನೆ ಹೊರುವ ಹೆಂಗಸರ ಗುಂಪು ಅದು. ಗೊನೆಗೆ ಬಿಸಿಲು ತಾಗುವ ಮೊದಲೇ ಲಾರಿ ತುಂಬಬೇಕಾದ್ದರಿಂದ ಕತ್ತಲಿರುವಾಗಲೇ ಕಮಲಾಪುರ ಬಿಟ್ಟು ಬುಕ್ಕಸಾಗರದ ಕಡೆ ಹೊರಡುತ್ತಾರೆ. ಮುಂದಾಳು ತಿಪ್ಪಕ್ಕ. ಸೈಕಲ್ಲುಗಳೆಲ್ಲ ಅವರ ಹೆಣ್ಣುಮಕ್ಕಳಿಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟವು. ಮಕ್ಕಳು ಕಾಲೇಜಿಗೆ ಬಸ್ ಪಾಸು ಮಾಡಿಸಿದ ಮೇಲೆ ತಾಯಂದಿರ ಪಾಲಿಗೆ ಬಂದವು. ಮುಂದೆ ತಂತಿಬುಟ್ಟಿ, ಬುಟ್ಟಿಯಲ್ಲಿ ರೊಟ್ಟಿಗಂಟು, ನೀರಿನ ಬಾಟಲಿ, ತಲೆಗೆ ಇಡುವ ಸಿಂಬಿ.

ಹೋದ ವರ್ಷದ ತನಕ ಈ ಸೈಕಲ್ಲುಗಳಿಗೆ ಲೈಟೇ ಇರಲಿಲ್ಲ. ಒಂದು ದಿನ ತೀರ ಹತ್ತಿರ ಬಂದ ಮೇಲೆ ಕಂಡವು. ಹನುಮಣ್ಣ ಬಸ್ಸು ನಿಲ್ಲಿಸಿ ಕಿಟಕಿಯಿಂದ ತಲೆ ಹೊರಹಾಕಿ, "ಕತ್ತಲಾಗ ದೆವ್ವದಂಗ ಬರ್ತೀರಲ್ರೀ, ಒಂದೊಂದು ಲೈಟ್ ಹಾಕ್ಕಳ್ರಿ. ನಿಮ್ಮ ಜೀವ ಬ್ಯಾಡಂದ್ರ ನನ್ನ ಲೈಸೆನ್ಸ್ ಆದ್ರೂ ನೋಡ್ರಿ" ಎಂದು ಬೈದಿದ್ದ. ಬೈದದ್ದನ್ನು ಮರೆತ. ಅವರು ಮರೆಯಲಿಲ್ಲ.

ದೀಪಾವಳಿ ಕಳೆದ ಮರುವಾರ ಅದೇ ಜಾಗದಲ್ಲಿ ಹನುಮಣ್ಣನ ಕಣ್ಣೊಳಗೆ ಹನ್ನೊಂದು ಸೂರ್ಯ ಒಟ್ಟಿಗೆ ಹುಟ್ಟಿದವು. ರಸ್ತೆಯಿಲ್ಲ, ಬಾಳೆಯಿಲ್ಲ, ಬಿಳಿ ಬೆಳಕು ಬಿಟ್ಟು ಏನೂ ಇಲ್ಲ. ಮೆತ್ತಗಿನ ಕಾಲು ಬ್ರೇಕನ್ನು ಗಟ್ಟಿಯಾಗಿ ತುಳಿಯಿತು. ಹಿಂದೆ ನಿದ್ದೆ ಹೊಡೆಯುತ್ತಿದ್ದ ಮೂವತ್ತೆಂಟು ಹಣೆಗಳು ಮುಂದಿನ ಸೀಟಿನ ಕಂಬಿಗೆ ಬಡಿದವು. "ಏನಣ್ಣಾ, ಎಮ್ಮಿ ಅಡ್ಡ ಬಂತೇನು?" ಎಂದು ಮುಂದಿನ ಸೀಟಿನ ಫಿಟ್ಟರ್ ಮಾರುತೇಶ್ ಹಣೆ ಉಜ್ಜಿಕೊಂಡ. "ಎಮ್ಮಿಗೆ ಇಷ್ಟು ಬೆಳಕಿರಂಗಿಲ್ಲ" ಎಂದ ಹನುಮಣ್ಣ.

ಮರುದಿನ ಅವನು ದೂರದಿಂದಲೇ ಡಿಪ್ಪರ್ ಹೊಡೆದ. ಒಂದು ಸಲ, ಮರ್ಯಾದೆಯಾಗಿ. ಎದುರಿನ ಮೊದಲ ಸೈಕಲ್ಲಿನ ಲೈಟು ಕೆಳಗಿಳಿಯಲಿಲ್ಲ. ಬದಲಿಗೆ ಪಕಪಕ ಮಿನುಗತೊಡಗಿತು. ಅದರ ಹಿಂದೆ ಎರಡನೆಯದು, ಮೂರನೆಯದು, ಹನ್ನೊಂದೂ. ಮೈಸೂರು ದಸರಾ ಕಮಲಾಪುರಕ್ಕೆ ಬಂದ ಹಾಗೆ. ಮಾರನೇ ದಿನ ಅವನು ಎರಡು ಸಲ ಹೊಡೆದ. ಮಿನುಗುವುದು ಎರಡು ಪಟ್ಟಾಯಿತು. ಮೂರನೇ ದಿನ, ಹೆಂಗಸರ ಮುಂದೆ ಹೇಳಬಾರದ ಆ ಮೂರು ಹೊಡೆತವನ್ನೂ ಹೊಡೆದುಬಿಟ್ಟ. ಆ ಹೆಂಗಸರು ಮಿನುಗುವುದರ ಜೊತೆ ಬೆಲ್ಲನ್ನೂ ಬಾರಿಸಿದರು.

"ಸೊಕ್ಕು" ಎಂದು ಹನುಮಣ್ಣ ಮನೆಯಲ್ಲಿ ಹೇಳಿದ. "ಹೇಳಿದಷ್ಟೂ ಜಾಸ್ತಿ ಮಾಡ್ತಾರ. ಬೇಕಂತಲೇ."

"ಅವರಿಗೆ ನಿಮ್ಮ ಮ್ಯಾಲೆ ಏನ್ ಹಗಿ? ಇಳಿದು ಕೇಳ್ರಿ" ಎಂದಳು ವಿರುಪಮ್ಮ.

"ಇಳಿದ್ರ ಹೊತ್ತಾಗ್ತೈತಿ."

"ಇಳಿಯದಿದ್ರೂ ಆಗಾಕತ್ತೈತಲ್ಲ."

ಈ ಮಾತು ನಿಜವಾದ್ದರಿಂದ ಹನುಮಣ್ಣ ಅದನ್ನು ಕೇಳಿಸಿಕೊಳ್ಳಲಿಲ್ಲ.

ದಿನಾ ಆ ಜಾಗದಲ್ಲಿ ಬಸ್ಸು ಆಮೆಯಾಗಬೇಕು. ಅಲ್ಲಿ ಕಳೆದ ಹೊತ್ತನ್ನು ಹೊಸಪೇಟೆಯ ಟ್ರಾಫಿಕ್ಕಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಹದಿನೈದು ದಿನದಲ್ಲಿ ಮೂರು ಸಲ ಗೇಟಿಗೆ ತಡವಾಯಿತು. ಬಸ್ಸುಗಳ ಉಸ್ತುವಾರಿ ನೋಡುವ ಕಿರಣ್ ಕುಮಾರ್ ಶೆಡ್ಡಿಗೆ ಕರೆಸಿದ. ಅವನಿಗೆ ಮೂವತ್ತೆರಡು ವರ್ಷ. ಇಸ್ತ್ರಿ ಮುರಿಯದ ಶರ್ಟು. ಎಲ್ಲರಿಗೂ 'ರಿ' ಹಚ್ಚಿ ಮಾತಾಡುತ್ತಾನೆ, ಕೆಲಸದಿಂದ ತೆಗೆಯುವಾಗಲೂ.

"ಹನುಮಣ್ಣಾರ, ಕಣ್ಣು ತೋರಿಸ್ಕೊಂಡು ಬರ್ರಿ."

"ಕಣ್ಣಿಗೆ ಏನಾಗೈತಿ ಸರ? ಆ ಸೈಕಲ್ಲಿನವರ ಲೈಟ್ ನೋಡ್ರಿ ನೀವು ಒಂದಿನ ಬಂದು."

"ಸೈಕಲ್ ಲೈಟಿಗೆ ಬಸ್ಸಿನ ಡ್ರೈವರ್ ಕಣ್ಣು ಕತ್ತಲಾತು ಅಂತ ಮ್ಯಾಲೆ ಬರದ್ರ, ನನ್ನ ಕಣ್ಣೂ ತೋರಿಸ್ಕೊಂಡು ಬಾ ಅಂತಾರ."

ಹೊಸಪೇಟೆಯ ಕಣ್ಣಿನ ಡಾಕ್ಟರು ಅಕ್ಷರ ಓದಿಸಿದರು, ಪಾಪೆಗೆ ಹನಿ ಹಾಕಿ ನೋಡಿದರು, ದೂರದ ಕಣ್ಣು ಗಟ್ಟಿ ಎಂದು ಚೀಟಿ ಬರೆದರು. ಕಿರಣ್ ಕುಮಾರ್ ಚೀಟಿಯನ್ನು ಎರಡೂ ಕಡೆ ತಿರುಗಿಸಿ ನೋಡಿದ. "ಹಗಲೊತ್ತಿನಾಗ ಗೋಡಿ ಮ್ಯಾಲಿನ ಅಕ್ಷರ ಓದೋದು ಬ್ಯಾರೆ, ಹನುಮಣ್ಣಾರ. ಇನ್ನೊಂದು ಸಲ ತಡ ಆತು ಅಂದ್ರ ಬಸ್ಸನ್ನ ಹಂಪೇಶಗ ಕೊಡ್ತೀನಿ. ನೀವು ಶೆಡ್ಡಿನಾಗ ಗಾಡಿ ತೊಳಕೊಂಡು ಆರಾಮ ಇರ್ರಿ."

ಹಂಪೇಶ್ ಬದಲಿ ಡ್ರೈವರು. ವಯಸ್ಸು ಇಪ್ಪತ್ತಾರು. ಸಂಜೆ ಹೊತ್ತಿನಲ್ಲೂ ಕಪ್ಪು ಕನ್ನಡಕ ಹಾಕುತ್ತಾನೆ, ಹೆಡ್‌ಲೈಟು ಇಳಿಸುವ ಸ್ವಿಚ್ಚು ಎಲ್ಲಿದೆ ಎಂದು ಅವನಿಗೆ ಹುಡುಕಬೇಕು. ಅಂಥವನ ಕೈಗೆ ತನ್ನ ಸ್ಟೇರಿಂಗು.

ವಾರದ ರಜೆಯ ದಿನ ಅವನು ಕಮಲಾಪುರದ ಸೈಕಲ್ ಅಂಗಡಿ ವಿರುಪಾಕ್ಷಪ್ಪನ ಹತ್ತಿರ ಹೋದ. ವಿರುಪಾಕ್ಷಪ್ಪ ಹಂಪಿ ನೋಡಲು ಬಂದವರಿಗೆ ಬಾಡಿಗೆ ಸೈಕಲ್ ಕೊಡುತ್ತಾನೆ, ಊರವರಿಗೆ ಸಾಮಾನು ಮಾರುತ್ತಾನೆ. ಇಬ್ಬರ ಹತ್ತಿರವೂ ಲುಕ್ಸಾನಿನಲ್ಲೇ ವ್ಯಾಪಾರ ಮಾಡುವುದಾಗಿ ಹೇಳುತ್ತಾನೆ. ಅಂಗಡಿಗೆ ಈಚೆಗೆ ಎರಡನೇ ಶಟರು ಬಂದಿದೆ.

"ಈ ಲೈಟ್ ನೀವೇ ಕೊಟ್ಟಿದ್ದೇನ್ರಿ?"

"ನಾನೇ. ಮೂರು ಗುಂಡಿಂದು. ಫೋನ್ ಚಾರ್ಜರಿಗೇ ಹಚ್ಚಬಹುದು. ಒಂದು ಒತ್ತಿದ್ರ ಸಣ್ಣದು, ಎರಡು ಒತ್ತಿದ್ರ ದೊಡ್ಡದು, ಮೂರು ಒತ್ತಿದ್ರ ಮಿನುಗ್ತೈತಿ. ಹಾಕಿ ತೋರಿಸ್ಲೇನು?"

"ಬ್ಯಾಡ. ನಾನು ದಿನಾ ನೋಡ್ತೀನಿ. ಸಣ್ಣ ಬೆಳಕಿಂದು ಕೊಡಬಾರದಿತ್ತಾ?"

"ಸಣ್ಣವು ಇದ್ವು. ಆ ಅಕ್ಕಗೋಳು ಬ್ಯಾಡಂದ್ರು. ಯಾರೋ ಬಸ್ ಡ್ರೈವರ್ ಭಾಳ ಕಾಳಜಿ ಮಾಡಿ ಹೇಳ್ಯಾನಂತ, ಅವಗ ದೂರದಿಂದ ಕಾಣಬೇಕು, ಅದಕ್ಕ ಎಲ್ಲಕ್ಕಿಂತ ದೊಡ್ಡದು ಕೊಡು ಅಂದ್ರು. ನಾನು ಬೆಳಕು ಮಾರಾವ, ಹನುಮಣ್ಣ. ಕತ್ತಲಾ ಮಾರಾವಲ್ಲ."

ಆ ಕಾಳಜಿಯ ಡ್ರೈವರ್ ಯಾರು ಎಂದು ಹನುಮಣ್ಣ ಕೇಳಲಿಲ್ಲ. ಬಂದ ತಪ್ಪಿಗೆ ಒಂದು ಪಂಕ್ಚರ್ ಟ್ಯೂಬಿನ ತುಂಡು ಕೊಂಡು ಜೇಬಿಗೆ ಹಾಕಿಕೊಂಡ. ವಿರುಪಾಕ್ಷಪ್ಪನ ಅಂಗಡಿಯಿಂದ ಬರಿಗೈಯಲ್ಲಿ ಹೊರಬಂದವರು ಕಡಿಮೆ.

ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ತುಂಗಭದ್ರೆಯ ಕಡೆಯಿಂದ ಮಂಜು ಬಂತು. ಬೆಳಕು ಮಂಜಿಗೆ ಬಿದ್ದರೆ ಹೇಗಿರುತ್ತದೆ ಎಂದರೆ, ಗಾಜಿಗೆ ಯಾರೋ ಹಾಲು ಎರಚಿದ ಹಾಗೆ. ಹನುಮಣ್ಣ ಅಭ್ಯಾಸ ಬಲದಿಂದ ಡಿಪ್ಪರ್ ಹೊಡೆದ. ಹನ್ನೊಂದು ಲೈಟುಗಳು ಅಭ್ಯಾಸ ಬಲದಿಂದ ಮಿನುಗಿದವು. ಹನುಮಣ್ಣ ಎಡಕ್ಕೆ ಎಳೆದ. ಎಡಗಡೆ ಮುಂದಿನ ಚಕ್ರ ರಸ್ತೆ ಬಿಟ್ಟು, ತೋಟಕ್ಕೆ ನೀರು ಬಿಟ್ಟು ಹದವಾಗಿದ್ದ ಕೆಸರಿಗೆ ಇಳಿದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಮಾರುತೇಶನ ಚಿತ್ರಾನ್ನ ಮಾತ್ರ ಡಬ್ಬಿಯಿಂದ ಪಕ್ಕದವನ ಮಡಿಲಿಗೆ ವರ್ಗವಾಯಿತು.

ಹನುಮಣ್ಣ ಇಳಿದ. ದನಿ ಎಂದಿಗಿಂತ ಜೋರಾಗಿತ್ತು.

"ಯಾರ್ರೀ ಅದು ಮುಂದಿನ ಸೈಕಲ್?"

"ನಾನಣ್ಣಾ, ತಿಪ್ಪಕ್ಕ" ಎಂದು ಸೆರಗು ಬಿಗಿದ ಹೆಂಗಸು ಸೈಕಲ್ ನಿಲ್ಲಿಸಿದಳು. "ಏನಾತು, ಬಸ್ ಕೆಟ್ಟತೇನು?"

"ಬಸ್ ಕೆಟ್ಟಿಲ್ಲ, ನೀವು ಕೆಡಿಸೀರಿ. ಎರಡು ತಿಂಗಳಿಂದ ಲೈಟ್ ಹೊಡ್ದು ಹೊಡ್ದು ಹೇಳಾಕತ್ತೀನಿ. ತಿಳಿಯಂಗಿಲ್ಲೇನು?"

"ತಿಳಿತೈತಲ್ಲಣ್ಣಾ. ಅದಕ್ಕ ನಾವೂ ತಿರುಗಿ ಹೊಡಿತೀವಿ."

"ಏನು ತಿಳಿತೈತಿ?"

"ನಮಸ್ಕಾರ ಮಾಡ್ತೀರಿ ಅಂತ." ತಿಪ್ಪಕ್ಕ ಹಿಂದಿನವರ ಕಡೆ ನೋಡಿದಳು. ಅವರೆಲ್ಲ ಹೌದು ಎಂದು ತಲೆಯಾಡಿಸಿದರು. "ಈ ರಸ್ತ್ಯಾಗ ನಮ್ಮಂಥೋರಿಗೆ ಎಲ್ಲಾರೂ ಹಾರ್ನ್ ಹೊಡಿತಾರ, ಇಲ್ಲಂದ್ರ ಬಾಯಿ ಹೊಡಿತಾರ. ನೀವೊಬ್ಬರೇ ದೂರದಿಂದ ಲೈಟ್ ಹೊಡಿಯೋರು. ಲೈಟ್ ಹಾಕ್ಕಳ್ರಿ ಅಂತ ಬುದ್ಧಿ ಹೇಳ್ದೋರು. ತಿರುಗಿ ಮಾಡದಿದ್ರ ಏನ್ ತಿಳಕಂತೀರಿ ಅಂತ, ಇದ್ದಿದ್ರಾಗ ಚಲೋ ಬೆಳಕು ಹಾಕಿ ಮಾಡ್ತಿದ್ವಿ."

ಹನುಮಣ್ಣನ ಬಾಯಲ್ಲಿ ಕೂಡಿಟ್ಟಿದ್ದ ಎರಡು ತಿಂಗಳ ಬೈಗುಳ ಎಲ್ಲಿ ಹೋಯಿತೋ. "ಮೂರು ಸಲ ಹೊಡ್ದೆನಲ್ಲ ಒಂದಿನ, ಅವತ್ತು ಏನ್ ತಿಳಕಂಡ್ರಿ?"

"ಯಾವ್ದೋ ಹಬ್ಬ ಇರಬೇಕು ಅಂತ ಬೆಲ್ಲೂ ಹೊಡ್ದ್ವಿ."

ಬಸ್ಸಿನ ಕಿಟಕಿಗಳಲ್ಲಿ ಯಾರೋ ನಕ್ಕರು. ಹನುಮಣ್ಣ ಹಣೆ ಒರೆಸಿಕೊಂಡು ಸಮಾಧಾನದಿಂದ ಹೇಳಿದ: "ಯಕ್ಕಾ, ಅದು ನಮಸ್ಕಾರ ಅಲ್ಲ. ಬೆಳಕು ಕೆಳಗ ಮಾಡ್ರಿ, ಕಣ್ಣು ಕಾಣಂಗಿಲ್ಲ ಅಂತ ಅದರ ಮಾತು. ಲೈಟ್ ನೆಲ ನೋಡಬೇಕು. ನೀವು ನನ್ನ ಮುಖಕ್ಕ ಹಿಡಿದೀರಿ."

"ಕೆಳಗ ಮಾಡಿದ್ರ ಬುಟ್ಟಿಗೆ ಬೀಳ್ತೈತಿ. ನನ್ನ ರೊಟ್ಟಿಗಂಟು ನನಗ ಗೊತ್ತೈತಿ ಅಣ್ಣಾ, ಅದಕ್ಕ್ಯಾಕ ಲೈಟು?"

ಹನುಮಣ್ಣ ಬಗ್ಗಿ ನೋಡಿದ. ಮಾತು ಸರಿಯೇ. ಹ್ಯಾಂಡಲ್ಲಿಗೆ ಕಟ್ಟಿದ ಲೈಟಿನ ಮುಂದೆ ಬುಟ್ಟಿ, ಬುಟ್ಟಿಯ ಮೇಲೆ ಗಂಟು. ಗಂಟು ದಾಟಿ ಬೆಳಕು ಮುಂದೆ ಹೋಗಬೇಕಾದರೆ ಆಕಾಶ ನೋಡಬೇಕು. ಆಕಾಶಕ್ಕೂ ರಸ್ತೆಗೂ ನಡುವೆ ಬಸ್ಸಿನ ಡ್ರೈವರನ ಮುಖ ಇರುತ್ತದೆ. ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದಕ್ಕೆ ಕಾರಣ ಹನ್ನೊಂದು ರೊಟ್ಟಿಗಂಟು.

ಹೆಂಗಸರು ಸೈಕಲ್ಲು ಒರಗಿಸಿ, ಬಸ್ಸಿನವರ ಜೊತೆ ಕೂಡಿ ನೂಕಿದರು. ಗೊನೆ ಹೊರುವ ಹೆಗಲುಗಳು. ಕಾಲು ಗಂಟೆಯಲ್ಲಿ ಚಕ್ರ ರಸ್ತೆಗೆ ಬಂತು. ಆಗ ಹೊರಟಿದ್ದರೆ ಹೊಸಪೇಟೆಯಲ್ಲಿ ಸ್ವಲ್ಪ ಓಡಿಸಿ, ಗೇಟಿನಲ್ಲಿ ಸ್ವಲ್ಪ ಬೇಡಿಕೊಂಡು, ಹೇಗೋ ಆಗುತ್ತಿತ್ತು. ಎಲ್ಲರೂ ಹತ್ತಿ ಕೂತರು. ಹನುಮಣ್ಣ ಹತ್ತಲಿಲ್ಲ. ಜೇಬಿನಿಂದ ಟ್ಯೂಬಿನ ತುಂಡು ತೆಗೆದ, ಟೂಲ್ ಪೆಟ್ಟಿಗೆಯಿಂದ ಕತ್ತರಿ ತೆಗೆದ, ಟ್ಯೂಬನ್ನು ಪಟ್ಟಿ ಪಟ್ಟಿ ಮಾಡಿದ, ತಿಪ್ಪಕ್ಕನ ಲೈಟನ್ನು ಹ್ಯಾಂಡಲಿನಿಂದ ಬಿಚ್ಚಿ ಬುಟ್ಟಿಯ ಮುಂದುಗಡೆ ಕೆಳಗಿನ ತಂತಿಗೆ ಬಿಗಿಯತೊಡಗಿದ.

"ಅಣ್ಣಾ, ಬರ್ರಿ ಜಲ್ದಿ. ಹೊತ್ತಾತು" ಎಂದು ಕೂಗಿದ ಮಾರುತೇಶ್.

"ನಾಳೆ ಮತ್ತ ಇದೇ ಗೋಳು ಮಾರುತೇಶ. ಇವತ್ತೇ ಮುಗಿಸ್ತೀನಿ."

"ನಾಳೆ ಮುಗಿಸ್ರಲ್ಲ."

"ನಾಳೆ ಮಂಜು ಇದ್ರ? ನಾಳೆ ಬಸ್ಸಿನ ಕೆಳಗ ಯಾರರ ಬಂದ್ರ?"

ಒಂದು ಕಟ್ಟುವುದು, ಬಸ್ಸು ಹತ್ತಿ ತನ್ನ ಸೀಟಿನಲ್ಲಿ ಕೂತು ನೋಡುವುದು, "ಇನ್ನೊಂದು ಚೂರು ಕೆಳಗ ಯಕ್ಕಾ" ಎಂದು ಮತ್ತೆ ಇಳಿಯುವುದು. ಹೀಗೆ ಹನ್ನೊಂದು. ಬಸ್ಸಿನೊಳಗೆ ಬೈಯುವವರು ಬೈದು ಸುಸ್ತಾಗಿ ಚಿತ್ರಾನ್ನದ ಕಡೆ ಮಾತು ತಿರುಗಿಸಿದ್ದರು. ಕೊನೆಯ ಸೈಕಲ್ಲು ಮುಗಿಯುವಾಗ ಪೂರ್ವ ಬೆಳ್ಳಗಾಗಿತ್ತು, ಯಾವ ಲೈಟೂ ಬೇಕಿರಲಿಲ್ಲ. ತಿಪ್ಪಕ್ಕ ಹೋಗುವಾಗ, "ನಾಳಿಂದ ನಮಸ್ಕಾರ ಹೆಂಗ ಮಾಡೋದಣ್ಣಾ ಹಂಗಾದ್ರ?" ಎಂದು ಕೇಳಿದಳು.

"ಬೆಲ್ ಹೊಡೀರಿ, ಸಾಕು."

ಬಸ್ಸು ಗಣಿ ಗೇಟು ಮುಟ್ಟಿದಾಗ ಎಂಟೂವರೆ. ಸಂಜೆ ಶೆಡ್ಡಿನಲ್ಲಿ ಕಿರಣ್ ಕುಮಾರ್ ಕುರ್ಚಿ ತೋರಿಸಿ, "ಕುಂದ್ರಿ" ಎಂದ. ಕೆಲಸ ಹೋಗುವ ಲಕ್ಷಣ ಅದು.

"ಬಸ್ ಕೆಸರಿನಾಗ ಎಷ್ಟು ಹೊತ್ತು ಇತ್ತು?"

"ಕಾಲು ತಾಸು ಸರ."

"ಉಳಿದ ಮುಕ್ಕಾಲು ತಾಸು?"

"ಸೈಕಲ್ಲಿಗೆ ಲೈಟ್ ಕಟ್ಟಿದೆ."

ಕಿರಣ್ ಕುಮಾರ್ ಪೆನ್ನು ಕೆಳಗಿಟ್ಟ. ಆಮೇಲೆ ಗೋಡೆಯ ಮೇಲಿದ್ದ ಬಸ್ಸಿನ ಕೀಲಿ ತೆಗೆದು ತನ್ನ ಡ್ರಾಯರಿನಲ್ಲಿ ಹಾಕಿಕೊಂಡ. "ಸುಳ್ಳಾದ್ರೂ ಹೇಳಬೇಕಿತ್ತು ಹನುಮಣ್ಣಾರ" ಎಂದ.

ಮರುದಿನದಿಂದ ಹನುಮಣ್ಣನ ಕೈಗೆ ಸ್ಟೇರಿಂಗಿನ ಬದಲು ಪೈಪು ಬಂತು. ಕಂಪ್ಲಿಯಿಂದ ಎಮ್ಮಿಗನೂರು ರಸ್ತೆಯಲ್ಲಿ ಮೂರು ಕಿಲೋಮೀಟರ್ ದೂರದ ಶೆಡ್ಡಿಗೆ ಸಂಜೆ ಹೋಗಿ, ಬಂದ ಬಸ್ಸುಗಳ ಕೆಂಪು ಧೂಳು ತೊಳೆಯುವ ಕೆಲಸ. ಹೋಗಿ ಬರಲು ಒಂದು ಹಳೇ ಸೈಕಲ್ಲು ರಿಪೇರಿ ಮಾಡಿಸಿದ. ವಿರುಪಾಕ್ಷಪ್ಪ ಅದಕ್ಕೂ ಒಂದು ಮೂರು ಗುಂಡಿಯ ಲೈಟು ಮಾರಿದ. ಹನುಮಣ್ಣ ಅದನ್ನು ಮುಂದಿನ ಚಕ್ರದ ಕವೆಗೆ, ನೆಲಕ್ಕೆ ಒಂದು ಮೊಳ ಎತ್ತರದಲ್ಲಿ ಕಟ್ಟಿದ. ಅಷ್ಟು ಕೆಳಗೆ ಕಟ್ಟಿದರೆ ಇರುವೆಗಳಿಗೆ ಕಣ್ಣು ಕತ್ತಲಾಗುತ್ತದೆ ಎಂದಳು ವಿರುಪಮ್ಮ.

ಒಂದು ವಾರ ಕಳೆದು ಹಂಪೇಶ್ ಬಸ್ಸಿನಿಂದ ಇಳಿಯುತ್ತ ಹೇಳಿದ, "ಏನಣ್ಣಾ, ಕಮಲಾಪುರದ ರಸ್ತಿ ಮಸ್ತ್ ಐತಿ. ಒಂದು ಸೈಕಲ್ ಲೈಟೂ ಕಣ್ಣಿಗೆ ಹೊಡಿಯಂಗಿಲ್ಲ. ಅಕ್ಕಗೋಳು ಬೆಲ್ ಹೊಡ್ಕೊಂತ ಶಿಸ್ತಾಗಿ ಹೋಗ್ತಾರ. ನೀನು ಸುಮ್ನ ಅವರ ಮ್ಯಾಲೆ ಹಾಕ್ತಿದ್ದಿ. ಕಣ್ಣು ಒಮ್ಮೆ ಚಲೋ ಡಾಕ್ಟರಿಗೆ ತೋರ್ಸು."

ಕಿರಣ್ ಕುಮಾರ್ ಪಕ್ಕದಲ್ಲೇ ನಿಂತಿದ್ದ. "ನಾನೂ ಅದನ್ನೇ ಹೇಳಿದ್ದೆ" ಎಂದ. ಆ ಲೈಟು ಕೆಳಗೆ ಇಳಿಸಿದ್ದು ಯಾರು ಎಂದು ಹೇಳಲು ಹನುಮಣ್ಣ ಬಾಯಿ ತೆರೆದ. ಆದರೆ ಮೇಲಿದ್ದವು ಎಂದು ಕರೆದೊಯ್ದು ತೋರಿಸಲು ಈಗ ಸಾಕ್ಷಿ ಇರಲಿಲ್ಲ. ಸಾಕ್ಷಿಯನ್ನೆಲ್ಲ ತಾನೇ ಟ್ಯೂಬಿನ ಪಟ್ಟಿಯಿಂದ ಬಿಗಿದು ಬಂದಿದ್ದ. ಬಾಯಿ ಮುಚ್ಚಿ ಪೈಪು ಎತ್ತಿಕೊಂಡ.

ಮರುದಿನ ಸಂಜೆ ಮುಸುಕಿನಲ್ಲಿ ಅವನು ಶೆಡ್ಡಿನ ಕಡೆ ಸೈಕಲ್ ತುಳಿಯುತ್ತಿದ್ದ. ಎಮ್ಮಿಗನೂರಿನಲ್ಲಿ ಜನ ಇಳಿಸಿ, ಡೀಸೆಲ್ಲಿಗೆ ಕಂಪ್ಲಿ ಕಡೆ ಹೊರಟಿದ್ದ ತನ್ನದೇ ಬಸ್ಸು ಎದುರಿಗೆ ಬಂತು. ಬೆಳಕು ಪೂರ್ತಿ ಮೇಲೆ. ಹನುಮಣ್ಣನಿಗೆ ರಸ್ತೆ ಮಾಯವಾಯಿತು, ಭತ್ತದ ಗದ್ದೆ ಮಾಯವಾಯಿತು, ಮುಂದಿನ ಚಕ್ರ ಅಂಚಿನ ಕಲ್ಲು ಹತ್ತಿ ಇಳಿಯಿತು. ಡಿಪ್ಪರ್ ಹೊಡೆಯಲು ಕೈ ತಾನಾಗಿ ಸ್ವಿಚ್ಚು ಹುಡುಕಿತು, ಅಲ್ಲಿ ಬೆಲ್ಲು ಬಿಟ್ಟು ಏನೂ ಇರಲಿಲ್ಲ. ಒಂದು ಕೈ ಎತ್ತಿ ಕಣ್ಣಿಗೆ ಅಡ್ಡ ಹಿಡಿದ. ಹಂಪೇಶ್ ಉದ್ದನೆಯ ಹಾರ್ನು ಹೊಡೆದು, ತಾನೂ ಕಿಟಕಿಯಿಂದ ಕೈ ಎತ್ತಿ ಹೋದ.

ಡೀಸೆಲ್ ಹಾಕಿಸಿಕೊಂಡು ಬಂದ ಹಂಪೇಶ್ ಶೆಡ್ಡಿನಲ್ಲಿ ಬಸ್ಸಿಗೆ ಒರಗಿ ನಿಂತಿದ್ದ. "ಏನಣ್ಣಾ, ಇವತ್ತು ಸಲಾಮು ಜೋರಿತ್ತು."

ಹನುಮಣ್ಣ ಪೈಪು ಬಿಚ್ಚಿದ. ಬಕೆಟ್ಟಿಗೆ ಸೋಪು ಹಾಕಿದ. ಬಾಗಿಲು ತೊಳೆದ, ಚಕ್ರ ತೊಳೆದ, ಕಿಟಕಿ ಒಂದೊಂದೇ ಒರೆಸಿದ. ಕೊನೆಗೆ ಹೆಡ್‌ಲೈಟುಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಗಾಜಿನ ಕೆಳಗಿನ ಅರ್ಧವನ್ನು ಕನ್ನಡಿಯ ಹಾಗೆ ಉಜ್ಜಿದ. ಮೇಲಿನ ಅರ್ಧಕ್ಕೆ ಬಟ್ಟೆ ತಾಗಿಸಲಿಲ್ಲ. ಅಲ್ಲಿ ಯಶವಂತನಗರದ ಕೆಂಪು ಧೂಳು ಒಂದು ಪದರ ದಪ್ಪ ಕೂತಿತ್ತು. ಅದಕ್ಕೆ ಒದ್ದೆ ಬೆರಳಿನಿಂದ ಇನ್ನಷ್ಟು ಕೆಸರು ಮೆತ್ತಿ, ಗಡಿಯನ್ನು ಸಂಡೂರಿನ ಲಾರಿಗಳ ಗಾಜಿನ ಹಾಗೆ ಗೆರೆ ಎಳೆದು ಸರಿ ಮಾಡಿದ.

ಹಂಪೇಶ್ ಕಪ್ಪು ಕನ್ನಡಕ ಮೇಲೆ ಸರಿಸಿ ಬಗ್ಗಿ ನೋಡಿದ. "ಅಣ್ಣಾ, ಮ್ಯಾಲೆ ಅರ್ಧ ಹಂಗೇ ಉಳೀತಲ್ಲ."

"ಹೌದೇನಪ್ಪಾ?" ಹನುಮಣ್ಣ ಬಟ್ಟೆ ಹಿಂಡಿ ಹೆಗಲಿಗೆ ಹಾಕಿಕೊಂಡ. "ನನ್ನ ಕಣ್ಣಿಗೆ ಕಾಣಂಗಿಲ್ಲ ನೋಡು."